ನಾಳೆಯ ಲೋಕದ ಮೊದಲ ಗೆರೆ

ಬೆಂಗಳೂರಿನ ಹಳೆಯ ಮದ್ರಾಸು ರಸ್ತೆಯಲ್ಲಿ ಪೂರ್ವಕ್ಕೆ ಹೊರಟ ಬಸ್ಸು ಹಲಸೂರು, ಇಂದಿರಾನಗರ, ಬೈಯಪ್ಪನಹಳ್ಳಿಗಳನ್ನು ದಾಟಿದ ಮೇಲೆ ಒಂದು ಕಡೆ ತೆವಳತೊಡಗುತ್ತದೆ. 'ಟಿನ್ ಫ್ಯಾಕ್ಟರೀ...' ಎಂದು ಕಂಡಕ್ಟರ್ ರಾಗ ಎಳೆಯುತ್ತಾನೆ. ಅರ್ಧ ಬಸ್ಸು ಖಾಲಿಯಾಗುತ್ತದೆ. ಇಳಿದವರಲ್ಲಿ ಕೋಲಾರದ ಬಸ್ಸಿಗೆ ಕಾಯುವವರುಂಟು, ತಿರುಪತಿಗೆ ಹೊರಟವರುಂಟು, ವೈಟ್‌ಫೀಲ್ಡಿನ ಕಂಪ್ಯೂಟರ್ ಕಂಪನಿಗಳಿಗೆ ಧಾವಿಸುವವರುಂಟು. ತಗಡಿನ ಡಬ್ಬ ಮಾಡಲು ಇಳಿದವರು ಮಾತ್ರ ಒಬ್ಬರೂ ಇರುವುದಿಲ್ಲ! ಡಬ್ಬದ ಗೊಡವೆ ಯಾರಿಗೂ ಇಲ್ಲ, ಹೆಸರು ಮಾತ್ರ ಎಲ್ಲರ ನಾಲಗೆಯ ಮೇಲಿದೆ.

ಅಲ್ಲಿಯೇ ನಿಂತು ಒಮ್ಮೆ ಸುತ್ತ ಕಣ್ಣಾಡಿಸಿದರೆ ಏನೇನು ಕಾಣುತ್ತದೆ? ಒಂದು ಕಡೆ ರೈಲು ಹಳಿ. ಅದು 1864ರಲ್ಲಿ ಜೋಲಾರಪೇಟೆಯ ಕಡೆಯಿಂದ ಬೆಂಗಳೂರು ದಂಡಿಗೆ ಬಂದ ಮಾರ್ಗ. ಹಳಿಯ ಆಚೆಗೆ 1948ರಲ್ಲಿ ಸ್ಥಾಪನೆಯಾದ ಐಟಿಐ ಕಾರ್ಖಾನೆ; ಅದರಿಂದಾಗಿ ಆ ಬಡಾವಣೆಗೆ ದೂರವಾಣಿನಗರ ಎಂಬ ಹೆಸರೇ ಬಂತು. ಬೈಯಪ್ಪನಹಳ್ಳಿಯ ದಿಕ್ಕಿಗೆ 1956ರಲ್ಲಿ ಹುಟ್ಟಿ 2002ರಲ್ಲಿ ಬಾಗಿಲು ಹಾಕಿದ ಎನ್‌ಜಿಇಎಫ್ ಕಾರ್ಖಾನೆಯ ವಿಶಾಲವಾದ ಜಾಗ. ಎದುರಿಗೆ 2003ರಲ್ಲಿ ಸಂಚಾರಕ್ಕೆ ತೆರೆದ, ಜನ 'ಹ್ಯಾಂಗಿಂಗ್ ಬ್ರಿಡ್ಜ್' ಎಂದು ಕರೆಯುವ ಸೇತುವೆ. ಅದರ ಪಕ್ಕದಲ್ಲಿ, ತಲೆಯ ಮೇಲೆ, 2023ರ ಅಕ್ಟೋಬರಿನಿಂದ ಓಡುತ್ತಿರುವ ಮೆಟ್ರೊ. ಹೀಗೆ ಒಂದೂವರೆ ಶತಮಾನವೇ ಒಂದರ ಮೇಲೊಂದು ಪದರ ಪದರವಾಗಿ ಕುಳಿತಿದೆ. ಅದರ ನಡುವೆ ಕಡಲೆಕಾಯಿ ಗಾಡಿಯವನು ಬಾಣಲೆ ಕುಟ್ಟುತ್ತಿರುತ್ತಾನೆ.

ಈಗ ಸಿನಿಮಾ ನಿರ್ದೇಶಕನೊಬ್ಬ ಬಂದು, '2090ನೆಯ ಇಸವಿಯ ಟಿನ್ ಫ್ಯಾಕ್ಟರಿಯನ್ನು ಬರೆದುಕೊಡಿ' ಎಂದು ಕೇಳಿದನೆನ್ನಿ. ಏನು ಬರೆಯಬಹುದು? ಹಾರುವ ಕಾರು, ಗಾಜಿನ ಗೋಪುರ, ಬೆಳ್ಳಿಯ ಬಣ್ಣದ ಉಡುಪು? ಸಾಮಾನ್ಯವಾಗಿ ಮನಸ್ಸಿಗೆ ಮೊದಲು ಬರುವುದು ಇವೇ. ಆದರೆ ಇವು ನಾವು ಕಲ್ಪಿಸಿಕೊಂಡವಲ್ಲ. ಬೇರೆ ಯಾರೋ, ಬೇರೆಲ್ಲೋ ಕುಳಿತು ಎಂದೋ ಬರೆದಿಟ್ಟ ಚಿತ್ರಗಳು. ಆ ಬರೆದವರು ಯಾರು? ಅವರ ಕಸುಬು ಎಂಥದು? ಆ ಕಸುಬಿಗೂ ಈ ಗದ್ದಲದ ವೃತ್ತಕ್ಕೂ ಏನಾದರೂ ಸಂಬಂಧವಿದೆಯೇ?

ಕಾಗದದ ಮೇಲಿನ ಲೋಕ

ಸಾಮಾಜಿಕ ಚಿತ್ರ ತೆಗೆಯುವವರಿಗೆ ಲೋಕ ಸಿದ್ಧವಾಗಿಯೇ ಇರುತ್ತದೆ. ಮನೆ ಬೇಕೆಂದರೆ ಮನೆ, ಬೀದಿ ಬೇಕೆಂದರೆ ಬೀದಿ. ಪೌರಾಣಿಕ ಚಿತ್ರಕ್ಕೆ ದೇಗುಲಗಳ ಶಿಲ್ಪವೋ ರವಿವರ್ಮನ ಪಟವೋ ಆಧಾರವಾಗುತ್ತದೆ. ವೈಜ್ಞಾನಿಕ ಕಥಾಚಿತ್ರಕ್ಕೆ ಈ ಎರಡು ಅನುಕೂಲಗಳೂ ಇಲ್ಲ. ಅಲ್ಲಿ ಬಾಗಿಲ ಹಿಡಿಯಿಂದ ಹಿಡಿದು ಆಕಾಶದ ಬಣ್ಣದವರೆಗೆ ಎಲ್ಲವನ್ನೂ ಯಾರಾದರೂ ನಿರ್ಧರಿಸಲೇಬೇಕು. ಆ ನಿರ್ಧಾರ ಮೊದಲು ಕಾಗದದ ಮೇಲೆ ಆಗುತ್ತದೆ. ಇದನ್ನೇ ಚಿತ್ರೋದ್ಯಮದವರು 'ಕಾನ್ಸೆಪ್ಟ್ ಆರ್ಟ್' ಎನ್ನುತ್ತಾರೆ. ಕನ್ನಡದಲ್ಲಿ ಪರಿಕಲ್ಪನಾ ಚಿತ್ರ ಎನ್ನಬಹುದು.

ಕಲಾವಿದ ಚಿತ್ರಕಥೆಯನ್ನು ಓದಿ ಮೊದಲು ಬೆಂಕಿಪೊಟ್ಟಣದ ಗಾತ್ರದ ಹತ್ತಾರು ಗೀಚು ಚಿತ್ರಗಳನ್ನು ಬರೆಯುತ್ತಾನೆ. ನಿರ್ದೇಶಕ ಅವುಗಳಲ್ಲಿ ಒಂದೆರಡನ್ನು ಆರಿಸುತ್ತಾನೆ. ಅವು ಬೆಳೆದು ಬಣ್ಣದ ಚಿತ್ರಗಳಾಗುತ್ತವೆ. ಆ ಚಿತ್ರಗಳನ್ನು ನೋಡಿ ಕಲಾ ನಿರ್ದೇಶಕ ಅಳತೆಯ ನಕ್ಷೆ ತಯಾರಿಸುತ್ತಾನೆ. ಬಡಗಿ ಸೆಟ್ಟು ಕಟ್ಟುತ್ತಾನೆ. ದರ್ಜಿ ಉಡುಪು ಹೊಲಿಯುತ್ತಾನೆ. ಕಂಪ್ಯೂಟರ್ ಕಲಾವಿದ ಉಳಿದದ್ದನ್ನು ತುಂಬುತ್ತಾನೆ. ತೆರೆಯ ಮೇಲೆ ಬರುವ ವೇಳೆಗೆ ಮೂಲ ಚಿತ್ರ ಕಾಣಿಸುವುದೇ ಇಲ್ಲ. ಮನೆ ಕಟ್ಟಿದ ಮೇಲೆ ಅಡಿಪಾಯ ಕಾಣಿಸುತ್ತದೆಯೇ?

ಕನ್ನಡಿಯೊಳಗಿನ ನಗರ

ಈ ಕಸುಬು ಚಲನಚಿತ್ರದಷ್ಟೇ ಹಳೆಯದು. ಫ್ರಾನ್ಸಿನ ಜಾರ್ಜ್ ಮೆಲಿಯೆ 1902ರಲ್ಲಿ ಚಂದ್ರಯಾತ್ರೆಯ ಚಿತ್ರ ತೆಗೆದಾಗ ತನ್ನ ಲೋಕವನ್ನು ತಾನೇ ಬರೆದುಕೊಂಡ. ಚಂದ್ರನ ಕಣ್ಣಿಗೆ ರಾಕೆಟ್ ಚುಚ್ಚಿಕೊಂಡಿರುವ ಆ ದೃಶ್ಯ ಇಂದಿಗೂ ಪುಸ್ತಕಗಳ ಮುಖಪುಟದಲ್ಲಿ ಕಾಣಿಸಿಕೊಳ್ಳುತ್ತದೆ.

ಕಾಲು ಶತಮಾನದ ನಂತರ ಬಂದದ್ದು ಜರ್ಮನಿಯ 'ಮೆಟ್ರೊಪೊಲಿಸ್'. 1927ರಲ್ಲಿ ತೆರೆಕಂಡ ಈ ಮೂಕಿಚಿತ್ರದ ನಿರ್ದೇಶಕ ಫ್ರಿಟ್ಸ್ ಲಾಂಗ್, 1924ರಲ್ಲಿ ನ್ಯೂಯಾರ್ಕಿನ ಗಗನಚುಂಬಿ ಕಟ್ಟಡಗಳನ್ನು ಕಂಡು ಬೆರಗಾಗಿದ್ದ. ಎರಿಕ್ ಕೆಟೆಲ್‌ಹುಟ್, ಓಟೊ ಹುಂಟೆ ಮೊದಲಾದ ಕಲಾವಿದರು ಆ ಬೆರಗನ್ನು ನಗರವಾಗಿಸಿದರು. ಮೇಲೆ ಸಿರಿವಂತರ ಉದ್ಯಾನ, ನೆಲದಡಿಯಲ್ಲಿ ಕಾರ್ಮಿಕರ ವಸತಿ. ಮೇಲಿನವರು, ಕೆಳಗಿನವರು ಎಂಬ ಕಥೆಯ ತಿರುಳನ್ನು ನಗರದ ಆಕಾರವೇ ಹೇಳಿಬಿಡುತ್ತದೆ. ಸಂಭಾಷಣೆಯ ಅಗತ್ಯವೇ ಇಲ್ಲ.

ಅಷ್ಟು ದೊಡ್ಡ ನಗರವನ್ನು ಕಟ್ಟಿದ್ದು ಹೇಗೆ? ಇಲ್ಲಿ ಪ್ರೌಢಶಾಲೆಯ ಭೌತಶಾಸ್ತ್ರವೇ ನೆರವಿಗೆ ಬಂತು. ಯೂಜೆನ್ ಶುಫ್ಟಾನ್ ಎಂಬ ಛಾಯಾಗ್ರಾಹಕ ಕ್ಯಾಮೆರಾದ ಮುಂದೆ 45 ಡಿಗ್ರಿ ಕೋನದಲ್ಲಿ ಒಂದು ಕನ್ನಡಿಯನ್ನು ನಿಲ್ಲಿಸಿದ. ಪಕ್ಕದಲ್ಲಿಟ್ಟ ಪುಟ್ಟ ಕಟ್ಟಡದ ಮಾದರಿ ಆ ಕನ್ನಡಿಯಲ್ಲಿ ಪ್ರತಿಫಲಿಸಿ ಕ್ಯಾಮೆರಾವನ್ನು ಸೇರುತ್ತಿತ್ತು. ನಟರು ಕಾಣಬೇಕಾದ ಜಾಗದಲ್ಲಿ ಮಾತ್ರ ಕನ್ನಡಿಯ ಬೆಳ್ಳಿಯ ಲೇಪವನ್ನು ಕೆರೆದು ತೆಗೆದ. ಅಲ್ಲಿ ಬರೀ ಗಾಜು. ಅದರ ಮೂಲಕ ದೂರದಲ್ಲಿ ನಿಂತ ನಿಜವಾದ ಮನುಷ್ಯರು ಕಾಣುತ್ತಿದ್ದರು. ಬೊಂಬೆಮನೆಯಂಥ ಮಾದರಿಯೂ ಆಳೆತ್ತರದ ನಟರೂ ಒಂದೇ ಚೌಕಟ್ಟಿನಲ್ಲಿ ಸೇರಿದರು. ಪತನ ಕೋನವೂ ಪ್ರತಿಫಲನ ಕೋನವೂ ಸಮ ಎಂದು ಮಕ್ಕಳು ಬಾಯಿಪಾಠ ಮಾಡುವ ನಿಯಮದ ಮೇಲೆ ಒಂದು ಮಹಾನಗರ ಎದ್ದು ನಿಂತಿತು!

ಇದೇ ಲಾಂಗ್ 1929ರಲ್ಲಿ ತೆಗೆದ ಚಂದ್ರಯಾನದ ಚಿತ್ರಕ್ಕೆ ರಾಕೆಟ್ ವಿಜ್ಞಾನಿ ಹರ್ಮನ್ ಓಬರ್ಟ್ ಸಲಹೆಗಾರ. ರಾಕೆಟ್ ಹಾರುವ ಮುನ್ನ ಹಿಂದಿನಿಂದ ಮುಂದಕ್ಕೆ ಎಣಿಸುತ್ತ ಸೊನ್ನೆಗೆ ಬರುವ ಪದ್ಧತಿ ಪ್ರೇಕ್ಷಕರ ಕುತೂಹಲಕ್ಕಾಗಿ ಆ ಚಿತ್ರದಲ್ಲಿ ಮೂಡಿಬಂತು. ಇಂದು ಶ್ರೀಹರಿಕೋಟದಲ್ಲಿ ಕೇಳಿಬರುವುದೂ ಅದೇ ಎಣಿಕೆ. ಕಲ್ಪನೆ ವಿಜ್ಞಾನಕ್ಕೆ ಕೊಟ್ಟ ಬಳುವಳಿ ಅದು.

ಬಿರುಕು ಬಿಟ್ಟ ಚಂದ್ರ

ಕಲ್ಪನೆಗೂ ವಿಜ್ಞಾನಕ್ಕೂ ಯಾವಾಗಲೂ ಹೊಂದಾಣಿಕೆ ಇರುತ್ತದೆಂದಲ್ಲ. 1950ರಲ್ಲಿ ಬಂದ 'ಡೆಸ್ಟಿನೇಷನ್ ಮೂನ್' ಚಿತ್ರಕ್ಕೆ ಚಂದ್ರನ ನೆಲವನ್ನು ಬರೆದವನು ಚೆಸ್ಲಿ ಬೊನೆಸ್ಟೆಲ್. ಗ್ರಹಗಳ ಚಿತ್ರ ಬರೆಯುವುದರಲ್ಲಿ ಅಂದಿನ ಅಮೆರಿಕದಲ್ಲಿ ಆತನದು ದೊಡ್ಡ ಹೆಸರು. ಆದರೆ ಸೆಟ್ಟು ಕಟ್ಟುವವರು ಚಂದ್ರನ ನೆಲದ ಮೇಲೆ ಒಣಗಿದ ಕೆರೆಯಂಗಳದಂಥ ಬಿರುಕುಗಳನ್ನು ಮೂಡಿಸಿದರು. ಹತ್ತಿರದ ಬಿರುಕು ದೊಡ್ಡದು, ದೂರದ್ದು ಚಿಕ್ಕದು ಮಾಡಿದರೆ ಸಣ್ಣ ಸೆಟ್ಟೂ ಮೈಲಿಗಟ್ಟಲೆ ಚಾಚಿದಂತೆ ಕಾಣುತ್ತದೆ ಎಂಬುದು ಅವರ ಲೆಕ್ಕ. ಬೊನೆಸ್ಟೆಲ್ಲನಿಗೆ ಇದು ಹಿಡಿಸಲಿಲ್ಲ. ಕೆಸರು ಒಣಗಿದರೆ ತಾನೆ ಬಿರುಕು? ನೀರೇ ಇಲ್ಲದ ಚಂದ್ರನಲ್ಲಿ ಕೆಸರೆಲ್ಲಿಯದು? ಆಕ್ಷೇಪ ನ್ಯಾಯವಾದದ್ದೇ. ಆದರೆ ಆತನೇ ಬರೆದಿದ್ದ ಚೂಪು ಚೂಪಾದ ಚಂದ್ರಪರ್ವತಗಳೂ 1969ರಲ್ಲಿ ಮನುಷ್ಯ ಅಲ್ಲಿಗೆ ಹೋದ ಮೇಲೆ ಸುಳ್ಳಾದವು. ಕೋಟ್ಯಂತರ ವರ್ಷ ಉಲ್ಕೆಗಳ ಪೆಟ್ಟು ತಿಂದ ಆ ಬೆಟ್ಟಗಳು ನಯವಾಗಿ, ದುಂಡಾಗಿದ್ದವು.

ವಿಜ್ಞಾನವನ್ನು ಅತಿ ಶ್ರದ್ಧೆಯಿಂದ ಗಮನಿಸಿದ ಚಿತ್ರವೆಂದರೆ ಸ್ಟಾನ್ಲಿ ಕುಬ್ರಿಕ್‌ನ '2001: ಎ ಸ್ಪೇಸ್ ಒಡಿಸ್ಸಿ'. ಚಂದ್ರನ ಮೇಲೆ ಮನುಷ್ಯ ಕಾಲಿಡುವ ಒಂದು ವರ್ಷ ಮೊದಲು, 1968ರಲ್ಲಿ, ಇದು ತೆರೆಕಂಡಿತು. ಕಥೆಯಲ್ಲಿ ಆರ್ಥರ್ ಕ್ಲಾರ್ಕ್ ಸಹಭಾಗಿ. ನೌಕೆಗಳ ವಿನ್ಯಾಸಕ್ಕೆ ನಾಸಾದಲ್ಲಿ ಚಿತ್ರಕಾರನಾಗಿದ್ದ ಹ್ಯಾರಿ ಲಾಂಗೆಯನ್ನು ಕರೆತರಲಾಯಿತು. ಯಾತ್ರಿಕರು ವಾಸಿಸುವ ತಿರುಗುವ ಚಕ್ರವನ್ನು 38 ಅಡಿ ವ್ಯಾಸದಲ್ಲಿ ನಿಜವಾಗಿಯೇ ಕಟ್ಟಿ ತಿರುಗಿಸಿದರು.

ಕುತೂಹಲವಿದ್ದವರು ಒಂದು ಲೆಕ್ಕ ಮಾಡಿ ನೋಡಬಹುದು. ಚಕ್ರ ತಿರುಗಿದಾಗ ಒಳಗಿರುವವರು ಅಂಚಿಗೆ ಒತ್ತಲ್ಪಡುತ್ತಾರೆ. ಆ ಒತ್ತಡವೇ ತೂಕದಂತೆ ಭಾಸವಾಗುತ್ತದೆ. 38 ಅಡಿ ವ್ಯಾಸವೆಂದರೆ ತ್ರಿಜ್ಯ ಸುಮಾರು 5.8 ಮೀಟರು. ಭೂಮಿಯ ಮೇಲಿನಷ್ಟು ತೂಕ ಬರಬೇಕಾದರೆ ಚಕ್ರ ನಿಮಿಷಕ್ಕೆ ಸುಮಾರು 12 ಸುತ್ತು ಹಾಕಬೇಕು. ಅಷ್ಟು ವೇಗಕ್ಕೆ ಯಾತ್ರಿಕನಿಗೆ ತಲೆ ತಿರುಗಿ ಊಟ ಸೇರಲಿಕ್ಕಿಲ್ಲ! ಚಂದ್ರನ ಮೇಲಿನಷ್ಟು ತೂಕ ಸಾಕೆಂದರೆ ಐದು ಸುತ್ತು ಸಾಲುತ್ತದೆ. ಒಂದು ಗೆರೆ ಎಳೆಯುವ ಮುನ್ನ ಚಿತ್ರಕಾರ ಇಂಥ ಲೆಕ್ಕಗಳನ್ನು ಕೇಳಿ ತಿಳಿಯಬೇಕಾಗುತ್ತದೆ. ಹಾಗೆ ತಿಳಿದು ಬರೆದದ್ದಕ್ಕೇ ಅರ್ಧ ಶತಮಾನ ಕಳೆದರೂ ಆ ಚಿತ್ರ ಮಾಸಿಲ್ಲ.

ಹಳೆಯದರ ಮೇಲೆ ಹೊಸದು

'2001'ರ ಲೋಕದಲ್ಲಿ ಎಲ್ಲವೂ ಬೆಳ್ಳಗೆ, ಚೊಕ್ಕಟ. ಎಪ್ಪತ್ತರ ದಶಕದ ಕೊನೆಗೆ ಈ ನೋಟ ಬದಲಾಯಿತು. 1977ರ 'ಸ್ಟಾರ್ ವಾರ್ಸ್' ಚಿತ್ರದ ಕಲ್ಪನೆಯನ್ನು ಚಿತ್ರಗಳಾಗಿ ಬರೆದುಕೊಟ್ಟವನು ರಾಲ್ಫ್ ಮೆಕ್ವಾರಿ. ಮೊದಲು ಬೋಯಿಂಗ್ ವಿಮಾನ ಕಂಪನಿಯಲ್ಲಿ ಯಂತ್ರಗಳ ತಾಂತ್ರಿಕ ಚಿತ್ರ ಬರೆಯುತ್ತಿದ್ದವನು. 1975ರಲ್ಲಿ ಆತ ಬರೆದ ಬಣ್ಣದ ಚಿತ್ರಗಳು ಹಣ ಹಾಕುವ ಸ್ಟುಡಿಯೊವನ್ನು ಒಪ್ಪಿಸಲು ನೆರವಾದವು. ಖಳನಾಯಕ ಡಾರ್ತ್ ವೇಡರ್ ಒಂದು ನೌಕೆಯಿಂದ ಇನ್ನೊಂದಕ್ಕೆ ಶೂನ್ಯದ ಮೂಲಕ ಬರಬೇಕಲ್ಲ, ಉಸಿರಾಡುವುದು ಹೇಗೆ ಎಂಬ ಪ್ರಶ್ನೆ ಮೆಕ್ವಾರಿಗೆ ಹೊಳೆಯಿತು. ಮುಖಕ್ಕೊಂದು ಉಸಿರಾಟದ ಮುಸುಕು ತೊಡಿಸಿದ. ಆ ಮುಸುಕೇ ಆ ಪಾತ್ರದ ಗುರುತಾಯಿತು. ಆ ಲೋಕದ ನೌಕೆಗಳ ಮೈಮೇಲೆ ಎಣ್ಣೆಯ ಕಲೆ, ಗೀರು, ತೇಪೆ. ಬಳಸಿ ಹಳತಾದ ವಸ್ತು ನಂಬಿಕೆ ಹುಟ್ಟಿಸುತ್ತದೆ.

ಈ ಸೂಕ್ಷ್ಮವನ್ನು ಪೂರ್ಣಕ್ಕೆ ಒಯ್ದವನು ಸಿಡ್ ಮೀಡ್. ಫೋರ್ಡ್ ಕಂಪನಿಯಲ್ಲಿ ಕಾರುಗಳ ವಿನ್ಯಾಸ ಮಾಡಿದ್ದವನು. 1982ರ 'ಬ್ಲೇಡ್ ರನ್ನರ್' ಚಿತ್ರಕ್ಕೆ ಆತನನ್ನು ಕರೆದದ್ದು ವಾಹನಗಳನ್ನು ಬರೆಯಲಿಕ್ಕೆ. ಮೀಡ್ ವಾಹನದ ಹಿಂದೆ ಬೀದಿಯನ್ನೂ ಬರೆದ. ನಿರ್ದೇಶಕ ರಿಡ್ಲಿ ಸ್ಕಾಟ್‌ಗೆ ಬೀದಿಯೇ ಹೆಚ್ಚು ಹಿಡಿಸಿತು. 2019ರ ನವೆಂಬರ್ ತಿಂಗಳ ಲಾಸ್ ಏಂಜಲೀಸ್ ಅದು. ಅಲ್ಲಿ ಹಳೆಯ ಕಟ್ಟಡಗಳನ್ನು ಯಾರೂ ಕೆಡವಿಲ್ಲ. ಅವುಗಳ ಮೈಗೆ ಹೊಸ ಕೊಳವೆ, ಹೊಸ ತಂತಿ, ಹೊಸ ಯಂತ್ರಗಳನ್ನು ಅಂಟಿಸುತ್ತ ಹೋಗಿದ್ದಾರೆ. ಕೆಡವಿ ಕಟ್ಟುವುದಕ್ಕಿಂತ ತೇಪೆ ಹಾಕುವುದು ಅಗ್ಗ ಎಂಬ ಅರ್ಥಶಾಸ್ತ್ರ ಆ ಕಲ್ಪನೆಯ ಹಿಂದಿದೆ. ಆ ಬಳಿಕ ಬಂದ ವೈಜ್ಞಾನಿಕ ಚಿತ್ರಗಳಲ್ಲಿ ಮಳೆ, ಹೊಗೆ, ನಿಯಾನ್ ದೀಪಗಳ ಆ ಬೀದಿಯ ನೆರಳು ಬೀಳದವು ವಿರಳ. ಕಾಕತಾಳೀಯವೆಂಬಂತೆ ಮೀಡ್ ತೀರಿಕೊಂಡದ್ದು ಆ 2019ನೆಯ ವರ್ಷದ ಡಿಸೆಂಬರಿನಲ್ಲಿಯೇ.

ಈ ದೃಷ್ಟಿಯಿಂದ ಟಿನ್ ಫ್ಯಾಕ್ಟರಿಯನ್ನು ನೋಡಿದರೆ ಬೇರೆಯೇ ಅರ್ಥ ಹೊಳೆಯುತ್ತದೆ. ಮೀಡ್ ಕಾಗದದ ಮೇಲೆ ಕಷ್ಟಪಟ್ಟು ಕಲ್ಪಿಸಿದ್ದು ಇಲ್ಲಿ ತಾನಾಗಿಯೇ ಆಗಿದೆ. ಉಗಿಬಂಡಿಯ ಕಾಲದ ಹಳಿಯ ಮೇಲೆ ವಿದ್ಯುತ್ ರೈಲು, ಅದರ ಮೇಲೆ ಸೇತುವೆ, ಪಕ್ಕದಲ್ಲಿ ಮೆಟ್ರೊ. ವಸ್ತು ಹೋದರೂ ಹೆಸರು ಉಳಿಯುತ್ತದೆ ಎಂಬುದನ್ನು ಯಾವ ಕಲಾವಿದನೂ ಸುಲಭಕ್ಕೆ ಕಲ್ಪಿಸಲಾರ. ಇಲ್ಲಿ ದಿನಕ್ಕೆ ಸಾವಿರ ಸಲ ಕಂಡಕ್ಟರುಗಳು ಅದನ್ನು ಕೂಗುತ್ತಾರೆ. ಆ 'ಹ್ಯಾಂಗಿಂಗ್ ಬ್ರಿಡ್ಜ್' ಕೂಡ ಶಾಸ್ತ್ರಪ್ರಕಾರ ತೂಗುಸೇತುವೆಯಲ್ಲ. ತೂಗುಸೇತುವೆಯಲ್ಲಿ ಮುಖ್ಯ ಹಗ್ಗ ಕಮಾನಾಗಿ ಜೋತು ಬಿದ್ದು, ಅದರಿಂದ ಇಳಿದ ಹಗ್ಗಗಳು ರಸ್ತೆಯನ್ನು ಹಿಡಿದಿರುತ್ತವೆ. ಇಲ್ಲಿ ಕಂಬದಿಂದ ನೆಟ್ಟಗೆ, ಓರೆಯಾಗಿ ಇಳಿದ ಉಕ್ಕಿನ ಹುರಿಗಳೇ ರಸ್ತೆಯನ್ನು ಎತ್ತಿ ಹಿಡಿದಿವೆ. ಆದರೇನು, ಜನ ಇಟ್ಟದ್ದೇ ಹೆಸರು. 2090ರಲ್ಲೂ ಅದು ಹ್ಯಾಂಗಿಂಗ್ ಬ್ರಿಡ್ಜೇ ಆಗಿರುತ್ತದೆ. ಇಂಥ ವಿವರ ಬಲ್ಲವನು ಬರೆದ ಭವಿಷ್ಯವನ್ನು ಪ್ರೇಕ್ಷಕ ನಂಬುತ್ತಾನೆ.

ನಮ್ಮಲ್ಲಿ ಬರೆದವರು

ಭಾರತದಲ್ಲಿ ಇಂಥ ಕಲಾವಿದರು ಇರಲಿಲ್ಲವೇ? ಇದ್ದರು. ಸತ್ಯಜಿತ್ ರಾಯ್ ಮೂಲತಃ ಜಾಹೀರಾತು ಸಂಸ್ಥೆಯೊಂದರ ಚಿತ್ರಕಾರ. 1967ರಲ್ಲಿ 'ದಿ ಏಲಿಯನ್' ಎಂಬ ಚಿತ್ರಕಥೆ ಬರೆದು, ಬಂಗಾಳದ ಹಳ್ಳಿಯ ಕೆರೆಗೆ ಬಂದಿಳಿಯುವ ಅನ್ಯಲೋಕದ ಜೀವಿಯ ರೂಪವನ್ನು ತಾವೇ ರೇಖಿಸಿದ್ದರು. ಹಾಲಿವುಡ್ಡಿನ ಕೊಲಂಬಿಯಾ ಸಂಸ್ಥೆ ಆಸಕ್ತಿ ತೋರಿಸಿದರೂ ಚಿತ್ರ ತಯಾರಾಗಲಿಲ್ಲ; ರೇಖೆಗಳು ಮಾತ್ರ ಉಳಿದವು. 1991ರಲ್ಲಿ ಸಿಂಗೀತಂ ಶ್ರೀನಿವಾಸರಾವ್ ತೆಲುಗಿನಲ್ಲಿ 'ಆದಿತ್ಯ 369' ತೆಗೆದು ಕಾಲಯಂತ್ರವನ್ನು ಕೃಷ್ಣದೇವರಾಯನ ಆಸ್ಥಾನಕ್ಕೂ, 2504ನೆಯ ಇಸವಿಗೂ ಒಯ್ದರು. ಕನ್ನಡಿಗರಿಗೆ 'ಹಾಲು ಜೇನು', 'ಪುಷ್ಪಕ ವಿಮಾನ' ಕೊಟ್ಟವರೂ ಇವರೇ. ತಮಿಳಿನ 'ಎಂದಿರನ್' ಚಿತ್ರಕ್ಕೆ ಸಾಬು ಸಿರಿಲ್ ಮಾಡಿದ ವಿನ್ಯಾಸಕ್ಕೆ ರಾಷ್ಟ್ರಪ್ರಶಸ್ತಿ ಬಂತು. 2024ರ 'ಕಲ್ಕಿ 2898 ಎಡಿ' ಕಾಶಿಯನ್ನೇ ಭೂಮಿಯ ಕೊನೆಯ ನಗರವಾಗಿ ಚಿತ್ರಿಸಿತು.

ಕನ್ನಡದಲ್ಲಿ ಎಳೆ ಹಳೆಯದು, ಆದರೆ ತೆಳುವಾದದ್ದು. 1968ರ 'ಜೇಡರ ಬಲೆ'ಯಲ್ಲಿ ಲೋಹವನ್ನು ಚಿನ್ನ ಮಾಡುವ ಸೂತ್ರಕ್ಕಾಗಿ ಹೋರಾಟ ನಡೆಯುತ್ತದೆ. 2002ರಲ್ಲಿ ದಿನೇಶ್ ಬಾಬು ನಿರ್ದೇಶನದ 'ಹಾಲಿವುಡ್' ಚಿತ್ರದಲ್ಲಿ ಉಪೇಂದ್ರ ಯಂತ್ರಮಾನವನಾದರು. ತಮಿಳಿನ ಯಂತ್ರಮಾನವ ಬಂದದ್ದು ಎಂಟು ವರ್ಷ ತಡವಾಗಿ ಎಂಬುದನ್ನು ಇಲ್ಲಿ ನೆನೆಯಬೇಕು. ಅದೇ ಉಪೇಂದ್ರ 2010ರ 'ಸೂಪರ್' ಚಿತ್ರದಲ್ಲಿ 2030ರ ಭಾರತವನ್ನು ತೋರಿಸಿದರು. 2024ರ ಡಿಸೆಂಬರಿನಲ್ಲಿ 'ಯುಐ' ತಂದರು. ಎಣಿಸಿದರೆ ಬೆರಳುಗಳು ಮಿಗುತ್ತವೆ.

ಹಾಗೆಂದು ಕನ್ನಡದವರಿಗೆ ಲೋಕ ಕಟ್ಟಲು ಬರುವುದಿಲ್ಲವೆಂದಲ್ಲ. 2018ರ 'ಕೆ.ಜಿ.ಎಫ್.' ವೈಜ್ಞಾನಿಕ ಚಿತ್ರವಲ್ಲದಿದ್ದರೂ ಅದರ ನಾರಾಚಿ ಎಂಬ ಗಣಿನಗರ ಸಂಪೂರ್ಣ ಕಲ್ಪಿತ. ಪ್ರಶಾಂತ್ ನೀಲ್ ತಂಡ ಕೋಲಾರ ಚಿನ್ನದ ಗಣಿಯ ಸೈನೈಡ್ ದಿಬ್ಬಗಳ ಮೇಲೆಯೇ ಸೆಟ್ಟು ಹಾಕಿತು. ಅದುರು ಅರೆದು ಚಿನ್ನ ತೆಗೆದ ಮೇಲೆ ಬಿಸಾಡಿದ ಪುಡಿ ದಶಕಗಟ್ಟಲೆ ಗುಡ್ಡೆಯಾಗಿ ಬೆಟ್ಟವಾದದ್ದು ಆ ದಿಬ್ಬ. ಆ ಬೂದು ಬಣ್ಣ ಎಲ್ಲಿಂದಲೋ ತಂದದ್ದಲ್ಲ, ನೆಲದ್ದೇ. ಆ ಚಿತ್ರದ ವಿಶೇಷ ದೃಶ್ಯಗಳಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ಎಲ್ಲರಿಗೂ ತಿಳಿದಿದೆ.

ಎರಡು ಕಿಲೋಮೀಟರು ಕೆಳಗೆ

ಆ ಗಣಿಗೆ ಹೋಗುವ ಮಾರಿಕುಪ್ಪಂ ರೈಲು ಟಿನ್ ಫ್ಯಾಕ್ಟರಿಯ ಪಕ್ಕದ ಹಳಿಯ ಮೇಲೆಯೇ ಸಾಗುತ್ತದೆ. ಆ ರೈಲು ಮುಟ್ಟುವ ಊರಿನಲ್ಲಿ ಯಾವ ವೈಜ್ಞಾನಿಕ ಚಿತ್ರವೂ ಇನ್ನೂ ಮುಟ್ಟದ ಒಂದು ನಿಜವಾದ ಕಥೆ ಇದೆ.

ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಪರವಾಗಿ 1951ರಲ್ಲಿ ಕೋಲಾರದ ಗಣಿಗಿಳಿದು ವಿಶ್ವಕಿರಣಗಳನ್ನು ಅಳೆಯತೊಡಗಿದರು. ಆಳಕ್ಕೆ ಹೋದಷ್ಟೂ ಬಂಡೆ ಜರಡಿಯಂತೆ ಬೇರೆಲ್ಲ ಕಣಗಳನ್ನು ತಡೆಯುತ್ತದೆ. 1965ರಲ್ಲಿ ಸುಮಾರು 2.3 ಕಿಲೋಮೀಟರು ಆಳದ ಚಾಂಪಿಯನ್ ರೀಫ್ ಗಣಿಯಲ್ಲಿ ಭಾರತ, ಜಪಾನ್, ಇಂಗ್ಲೆಂಡಿನ ವಿಜ್ಞಾನಿಗಳು ಸೇರಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಕಣಗಳ ಜಾಡು ಹಿಡಿದರು. ಭೂಮಿಯನ್ನೇ ತೂರಿ ಹೋಗಬಲ್ಲ, ಯಾವುದಕ್ಕೂ ತಾಗುವುದು ತೀರ ಅಪರೂಪವಾದ ಕಣ ಅದು. ಬಿಸಿಯಿಂದ ಬೇಯುವ ಸುರಂಗ, ಪಂಜರದಂಥ ಲಿಫ್ಟು, ಒಂದು ಕಡೆ ಚಿನ್ನಕ್ಕೆ ಬಂಡೆ ಒಡೆಯುವ ಕಾರ್ಮಿಕ, ಇನ್ನೊಂದು ಕಡೆ ಕಾಣದ ಕಣಕ್ಕೆ ಕಾಯುವ ವಿಜ್ಞಾನಿ. ಮೆಟ್ರೊಪೊಲಿಸ್ಸಿನ ನೆಲದಡಿಯ ನಗರ ಇದರ ಮುಂದೆ ಯಾವ ಲೆಕ್ಕ? 2001ರಲ್ಲಿ ಗಣಿ ಮುಚ್ಚಿತು. ಆ ಆಳದ ಚಿತ್ರವನ್ನು ತೆರೆಗಾಗಿ ಬರೆಯುವ ಕೆಲಸ ಬಾಕಿಯಿದೆ.

ಕೊನೆಯ ಗೆರೆ ಎಳೆದವರು

ಬರೆಯಬಲ್ಲ ಕೈಗಳಿಗೆ ಬೆಂಗಳೂರಿನಲ್ಲಿ ಬರವೇ? ಖಂಡಿತ ಇಲ್ಲ. ಕಳೆದ ಎರಡು ದಶಕಗಳಲ್ಲಿ ಈ ನಗರದ ಸಾವಿರಾರು ಯುವಕ ಯುವತಿಯರು ಹಾಲಿವುಡ್ ಚಿತ್ರಗಳಿಗೆ ದುಡಿದಿದ್ದಾರೆ. ಫ್ರಾನ್ಸ್ ಮೂಲದ ಟೆಕ್ನಿಕಲರ್ ಸಂಸ್ಥೆಯ ಎಂಪಿಸಿ ವಿಭಾಗ ಲಂಡನ್ನಿನ ಜೊತೆಗೆ ಬೆಂಗಳೂರಿನಲ್ಲೂ ಕಲಾವಿದರನ್ನು ಇಟ್ಟುಕೊಂಡಿತ್ತು. ಆಸ್ಕರ್ ಗೆದ್ದ 2016ರ 'ದಿ ಜಂಗಲ್ ಬುಕ್' ಚಿತ್ರದ ಕಾಡಿನಲ್ಲಿ, 2019ರ '1917' ಚಿತ್ರದ ರಣರಂಗದಲ್ಲಿ ಬೆಂಗಳೂರಿನವರ ಕೈಕೆಲಸವಿದೆ. ತಂತಿ ಅಳಿಸುವುದು, ನಟನ ಅಂಚನ್ನು ಚೌಕಟ್ಟು ಚೌಕಟ್ಟಾಗಿ ಬಿಡಿಸುವುದು, ಪ್ರಾಣಿಯ ಮೈಗೆ ರೋಮ ಹಚ್ಚುವುದು, ನೂರು ಪದರಗಳನ್ನು ಸೇರಿಸಿ ಒಂದು ದೃಶ್ಯ ಮಾಡುವುದು. ಒಂದು ಸೆಕೆಂಡಿಗೆ 24 ಚೌಕಟ್ಟು ಎಂಬುದನ್ನು ನೆನೆದರೆ ಆ ಶ್ರಮದ ಅಂದಾಜು ಸಿಗುತ್ತದೆ.

ಆದರೆ ಒಂದು ಮಾತು. ಇವೆಲ್ಲ ಕೊನೆಯ ಗೆರೆಗಳು. ಲೋಕ ಹೀಗಿರಬೇಕು ಎಂದು ನಿರ್ಧರಿಸುವ ಮೊದಲ ಗೆರೆಯನ್ನು ಬಹುಮಟ್ಟಿಗೆ ಸಮುದ್ರದಾಚೆ ಎಳೆದು ಕಳಿಸುತ್ತಿದ್ದರು. ಹಾಗಾಗಿ ಕೊನೆಯ ಗೆರೆಯವರ ಅನ್ನವೂ ಸಮುದ್ರದಾಚೆಯ ಲೆಕ್ಕಪುಸ್ತಕವನ್ನೇ ನಂಬಿತ್ತು. 2013ರಲ್ಲಿ 'ಲೈಫ್ ಆಫ್ ಪೈ' ಚಿತ್ರಕ್ಕೆ ಆಸ್ಕರ್ ಪಡೆದ ರಿದಮ್ ಅಂಡ್ ಹ್ಯೂಸ್ ಸಂಸ್ಥೆ ಪ್ರಶಸ್ತಿಯ ದಿನಕ್ಕೆ ಮೊದಲೇ ದಿವಾಳಿ ಅರ್ಜಿ ಹಾಕಿತ್ತು. 2025ರ ಫೆಬ್ರುವರಿಯಲ್ಲಿ ಟೆಕ್ನಿಕಲರ್ ಕುಸಿಯಿತು. ಭಾರತದಲ್ಲಿ ಸುಮಾರು ಮೂರು ಸಾವಿರ ಮಂದಿ, ಅವರಲ್ಲಿ ಹೆಚ್ಚಿನವರು ಬೆಂಗಳೂರಿನಲ್ಲಿ ದುಡಿಯುತ್ತಿದ್ದವರು, ಇದ್ದಕ್ಕಿದ್ದಂತೆ ಕೆಲಸ ಕಳೆದುಕೊಂಡರು. ಹುಲಿಯ ಮೈಯ ರೋಮ ರೋಮವನ್ನೂ ಬಲ್ಲವರು ಮನೆಯ ಬಾಡಿಗೆಯ ಚಿಂತೆಗೆ ಬಿದ್ದರು.

ಇದಕ್ಕೆ ಇನ್ನೊಂದು ಆತಂಕವೂ ಸೇರಿದೆ. 2022ರಿಂದೀಚೆಗೆ ನಾಲ್ಕು ಪದ ಹೇಳಿದರೆ ಚಿತ್ರ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಬಂದಿವೆ. ಅವು ಈ ಹಿಂದೆ ಮನುಷ್ಯರು ಬರೆದ ಕೋಟಿಗಟ್ಟಲೆ ಚಿತ್ರಗಳನ್ನು ಅರಗಿಸಿಕೊಂಡು, ಅವುಗಳ ಹೋಲಿಕೆಯಲ್ಲಿ ಹೊಸದನ್ನು ಹೊಸೆಯುತ್ತವೆ. 'ಭವಿಷ್ಯದ ನಗರ' ಎಂದರೆ ಮೀಡ್ ಬರೆದ ಬೀದಿಯ ಮೊಮ್ಮಗನೋ ಮರಿಮಗನೋ ಬರುತ್ತಾನೆ. ಯಾರೂ ಬರೆದಿಡದ ನಗರದ ವಿಷಯದಲ್ಲಿ ಯಂತ್ರಕ್ಕೆ ಕಲಿಯಲು ಪಾಠವೇ ಇಲ್ಲ.

ದೂರವಾಣಿನಗರದ ಪಾಠ

ಈ ಸಮಸ್ಯೆ ಸಿನಿಮಾದವರಿಗೆ ಹೊಸದಿರಬಹುದು. ಟಿನ್ ಫ್ಯಾಕ್ಟರಿಯ ಸುತ್ತಮುತ್ತಲಿಗೆ ಹೊಸದಲ್ಲ. ಐಟಿಐ ಆರಂಭವಾದಾಗ ಟೆಲಿಫೋನಿನ ನಕ್ಷೆ ಇಂಗ್ಲೆಂಡಿನ ಕಂಪನಿಯದು. ಎನ್‌ಜಿಇಎಫ್‌ನಲ್ಲಿ ತಯಾರಾಗುತ್ತಿದ್ದ ಮೋಟಾರು, ಟ್ರಾನ್ಸ್‌ಫಾರ್ಮರುಗಳ ಹಿಂದೆ ಜರ್ಮನಿಯ ಎಇಜಿಯ ತಂತ್ರಜ್ಞಾನ. ಕೈ ನಮ್ಮದು, ಗೆರೆ ಅವರದು. ಆ ದಾರಿ ತಪ್ಪೆಂದಲ್ಲ. ಮೊದಲು ಕಲಿಯುವುದೇ ಹಾಗೆ.

ಆದರೆ 1984ರಲ್ಲಿ ಸಿ-ಡಾಟ್ ಸ್ಥಾಪನೆಯಾದಾಗ ಗೆರೆಯೂ ನಮ್ಮದಾಯಿತು. ವಿದೇಶಿ ಎಕ್ಸ್‌ಚೇಂಜುಗಳಿಗೆ ಹವಾನಿಯಂತ್ರಿತ ಕೋಣೆ ಬೇಕಿತ್ತು. ನಮ್ಮ ಹಳ್ಳಿಗೆ ಬೇಕಾದದ್ದು ಧೂಳು, ಸೆಖೆಗಳನ್ನು ತಡೆಯುವ ಪುಟ್ಟ ಪೆಟ್ಟಿಗೆ. ಅಂಥದ್ದನ್ನು ನಮ್ಮ ಎಂಜಿನಿಯರುಗಳೇ ರೂಪಿಸಿದರು. 128 ಸಂಪರ್ಕಗಳ ಆ ಗ್ರಾಮೀಣ ಎಕ್ಸ್‌ಚೇಂಜು 1986ರಲ್ಲಿ ಮೊದಲು ಕೆಲಸ ಆರಂಭಿಸಿದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಐಟಿಐ ಕೂಡ ಆ ವಿನ್ಯಾಸದ ಯಂತ್ರಗಳನ್ನು ತಯಾರಿಸಿತು. ಹಳ್ಳಿ ಹಳ್ಳಿಗೆ ಫೋನು ಬಂದದ್ದು ನಮ್ಮ ಸೆಖೆಯನ್ನು ಬಲ್ಲವರು ಮೊದಲ ಗೆರೆ ಎಳೆದದ್ದರಿಂದ.

ಸಿನಿಮಾಕ್ಕೂ ಇದೇ ಮಾತು ಅನ್ವಯಿಸುತ್ತದೆ. 2018ರ 'ಬ್ಲ್ಯಾಕ್ ಪ್ಯಾಂಥರ್' ಚಿತ್ರಕ್ಕೆ ವಿನ್ಯಾಸ ಮಾಡಿದ ಹನಾ ಬೀಚ್ಲರ್ ಆಫ್ರಿಕದ ಕಲ್ಪಿತ ದೇಶ ವಕಾಂಡಾಕ್ಕೆ 500 ಪುಟಗಳನ್ನೂ ಮೀರಿದ ಕೈಪಿಡಿ ತಯಾರಿಸಿದ್ದರು. ಯಾವ ಪಂಗಡದವರು ಎಲ್ಲಿ ವಾಸಿಸುತ್ತಾರೆ, ಮನೆಗೆ ಏನು ಬಳಸುತ್ತಾರೆ, ಸಂತೆ ಹೇಗೆ ನಡೆಯುತ್ತದೆ ಎಲ್ಲವೂ ಅದರಲ್ಲಿತ್ತು. 2019ರಲ್ಲಿ ಆಸ್ಕರ್ ಬಂತು. ಆ ವಿಭಾಗದಲ್ಲಿ ಆ ಗೌರವ ಪಡೆದ ಮೊದಲ ಕಪ್ಪು ಜನಾಂಗದ ವ್ಯಕ್ತಿ ಆಕೆ. ತಮ್ಮ ಜನರ ನಾಳೆಯನ್ನು ತಾವೇ ಬರೆದಾಗ ಲೋಕ ಕಿವಿಗೊಡುತ್ತದೆ.

ಕೇಳಬೇಕಾದ ಪ್ರಶ್ನೆಗಳು

ಕರ್ನಾಟಕ 2012ರಲ್ಲಿಯೇ ಅನಿಮೇಷನ್ ಮತ್ತು ದೃಶ್ಯ ಪರಿಣಾಮಗಳಿಗೆಂದು ಪ್ರತ್ಯೇಕ ನೀತಿ ತಂದಿತು. 2024ರಲ್ಲಿ ಅದಕ್ಕೆ ಹೊಸ ರೂಪ ಬಂತು. 2023ರ ಜನವರಿಯಲ್ಲಿ ಇದೇ ವಿದ್ಯೆಗಾಗಿ ಒಂದು ಉತ್ಕೃಷ್ಟತಾ ಕೇಂದ್ರ ಮಹದೇವಪುರದಲ್ಲಿ ಆರಂಭವಾಯಿತು. ಟಿನ್ ಫ್ಯಾಕ್ಟರಿಯಿಂದ ಅದು ದೂರವೇನಲ್ಲ. ಸೇತುವೆ ದಾಟಿ ವೈಟ್‌ಫೀಲ್ಡ್ ರಸ್ತೆ ಹಿಡಿದರಾಯಿತು. ಯಂತ್ರ, ತರಬೇತಿಗಳಿಗೆ ಏರ್ಪಾಡಾಗುತ್ತಿದೆ. ಕೊರತೆಯಿರುವುದು ಚಿತ್ರೀಕರಣಕ್ಕೆ ಆರು ತಿಂಗಳು ಮೊದಲು ನಾಲ್ಕು ಜನ ಚಿತ್ರಕಾರರನ್ನು ಕೂರಿಸಿ, ಸಂಬಳ ಕೊಟ್ಟು, 'ಯೋಚಿಸಿ ಬರೆಯಿರಿ' ಎನ್ನುವ ನಿರ್ಮಾಪಕರದ್ದು. ಕಥೆ ಬೇಕೆಂದರೆ ರಾಜಶೇಖರ ಭೂಸನೂರಮಠರಂಥವರು ಕನ್ನಡದಲ್ಲಿ ವಿಜ್ಞಾನ ಕಥೆಗಳನ್ನು ದಶಕಗಳ ಕಾಲ ಬರೆದಿಟ್ಟಿದ್ದಾರೆ. ಕಾಗದ, ಪೆನ್ಸಿಲುಗಳಿಗೆ ತಗಲುವ ಖರ್ಚು ಒಂದು ಹಾಡಿನ ಚಿತ್ರೀಕರಣದ ಖರ್ಚಿನ ಮುಂದೆ ಏನೂ ಅಲ್ಲ.

ಹಾಗೆ ಕುಳಿತ ಚಿತ್ರಕಾರ ಹಾರುವ ಕಾರಿನಿಂದ ಆರಂಭಿಸಬೇಕಾಗಿಲ್ಲ. 2090ರಲ್ಲಿ ಬೆನ್ನಿಗಾನಹಳ್ಳಿ ಕೆರೆಯಲ್ಲಿ ನೀರಿರುತ್ತದೆಯೇ? ಕಾವೇರಿ ನೀರು ಎಷ್ಟು ಎತ್ತರಕ್ಕೆ ಏರುತ್ತದೆ, ಯಾರ ಮನೆಗೆ? ನಾಮಫಲಕದ ಕನ್ನಡ ಅಕ್ಷರ ಯಾವ ಆಕಾರ ತಾಳುತ್ತದೆ? ಕೋಲಾರದ ಟೊಮೆಟೊ ಯಾವ ಗಾಡಿಯಲ್ಲಿ ಬರುತ್ತದೆ? ಮೆಟ್ರೊ ಕಂಬಗಳಿಗೆ ವಯಸ್ಸಾದಾಗ ಅವುಗಳಿಗೆ ಯಾವ ತೇಪೆ ಹಾಕುತ್ತಾರೆ? ಬಾಣಲೆ ಕುಟ್ಟುವ ಸದ್ದು ಉಳಿಯುತ್ತದೆಯೇ? ಇವುಗಳಿಗೆ ಉತ್ತರ ಲಾಸ್ ಏಂಜಲೀಸಿನಲ್ಲಿ ಸಿಗುವುದಿಲ್ಲ, ಕಾಶಿಯಲ್ಲೂ ಸಿಗುವುದಿಲ್ಲ.

ಭವಿಷ್ಯವೆಂಬುದು ಬೇರೆ ಯಾರದೋ ಊರಿನಲ್ಲಿ ಮಾತ್ರ ಬರುವ ವಸ್ತು ಎಂದು ಮಕ್ಕಳು ನಂಬಿಬಿಟ್ಟರೆ ತಮ್ಮ ಊರಿನ ನಾಳೆಯನ್ನು ಕುರಿತು ಯೋಚಿಸುವುದನ್ನೇ ಮರೆಯುತ್ತಾರೆ. ಯೋಚಿಸದ ಊರಿಗೂ ನಾಳೆ ಬರುತ್ತದೆ. ಇನ್ನೊಬ್ಬರು ಬರೆದ ನಕ್ಷೆಯಂತೆ ಬರುತ್ತದೆ, ಅಷ್ಟೇ. ಕೆಲಸ ಕಳೆದುಕೊಂಡು ಕುಳಿತಿರುವ ಆ ನುರಿತ ಕೈಗಳಲ್ಲಿ ಹತ್ತಾದರೂ ಈಗ ಒಂದು ಖಾಲಿ ಹಾಳೆಯನ್ನು ಮುಂದೆಳೆದುಕೊಂಡು, ತಾವು ದಿನವೂ ಇಳಿದು ಹತ್ತುವ ನಿಲ್ದಾಣವನ್ನು ಬರೆಯತೊಡಗಿದರೆ ಸಾಕು. ಬಡಗಿ, ದರ್ಜಿ, ಕಂಪ್ಯೂಟರುಗಳ ಸರದಿ ಆಮೇಲೆ ಬರುತ್ತದೆ.